ಮಡಿಕೇರಿಯಲ್ಲಿ ಎರಡು ಗಂಟೆ ಸದ್ದಿಲ್ಲದೆ ಕೂರುವ ಜಾಗ ಇನ್ನೂ ಉಳಿದಿದೆಯಾ?

ಮಳೆಬಿಲ್ಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪ 1984ರಿಂದ 1991ರವರೆಗೆ ಮಡಿಕೇರಿಯಲ್ಲಿ ಅಂಚೆ ಇಲಾಖೆ ಕೆಲಸದಲ್ಲಿದ್ರು. ಮಹದೇವಪೇಟೆ ಹತ್ರ ಬಾಡಿಗೆ ಮನೆ. ನಾನು ಹುಟ್ಟಿದ್ದು ಅಲ್ಲೇ, ಆದ್ರೆ ನನಗೆ ಮೂರು ವರ್ಷ ಆಗಿದ್ದಾಗ ಮೈಸೂರಿಗೆ ವರ್ಗ ಆಯ್ತು, ಏನೂ ನೆನಪಿಲ್ಲ. ಅಪ್ಪನಿಗೆ ಎಲ್ಲಾ ನೆನಪಿದೆ. ಹಂಚಿನ ಮೇಲೆ ವಾರಗಟ್ಟಲೆ ಬೀಳ್ತಿದ್ದ ಮಳೆ, ಕೆಂಡದ ಮೇಲೆ ಬುಟ್ಟಿ ಕವುಚಿ ನನ್ನ ಲಂಗೋಟಿ ಬಟ್ಟೆ ಒಣಗಿಸ್ತಿದ್ದದ್ದು. ಎಲ್ಲಕ್ಕಿಂತ ಹೆಚ್ಚಾಗಿ ಹೇಳೋದು ಒಂದು ಹಕ್ಕಿ ವಿಷಯ. ಬೆಳಗಿನ ಜಾವ ಹಿತ್ತಲ ತೋಡಿನ, ಅಂದ್ರೆ ಸಣ್ಣ ಹಳ್ಳದ, ಕಡೆಯಿಂದ, ಯಾವುದೋ ಹುಡುಗ ಹಾಡು ಮರೆತು ಮರೆತು ಶಿಳ್ಳೆ ಹಾಕ್ಕೊಂಡು ಹೋದ ಹಾಗೆ ಕೇಳೋದಂತೆ.

ಅಪ್ಪನಿಗೆ ಈಗ 74. ಒಂದು ಮಂಡಿಗೆ ಆಪರೇಷನ್ ಆಗಿದೆ. "ಒಂದು ಸಲ ಮಡಿಕೇರಿಗೆ ಹೋಗಿ ಸುಮ್ನೆ ಕೂತು ಬರೋಣ" ಅಂತ ಎರಡು ವರ್ಷದಿಂದ ಕೇಳ್ತಿದ್ರು. ಡಿಸೆಂಬರ್ ಕೊನೇ ವಾರ ನನಗೆ ರಜಾ ಸಿಕ್ಕಿತು, ಕರ್ಕೊಂಡು ಹೋದೆ. ಸುಂಟಿಕೊಪ್ಪದಿಂದ ಮಡಿಕೇರಿ ಮುಟ್ಟೋಕೆ ಎರಡು ಗಂಟೆ. ರಾಜಾಸೀಟಲ್ಲಿ ಕಟಕಟೆ ಹತ್ರ ನಿಲ್ಲೋಕೂ ಜಾಗ ಇಲ್ಲ, ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಫೋನು. ಅಪ್ಪ ಹತ್ತು ನಿಮಿಷ ನಿಂತು "ಸಾಕು ಮಗಳೇ, ಹೋಗೋಣ" ಅಂದ್ರು. ವಾಪಸ್ ಬರುವಾಗ ಕಾರಲ್ಲಿ ಒಂದು ಮಾತೂ ಆಡ್ಲಿಲ್ಲ. ಅದು ನನ್ನನ್ನ ಇವತ್ತಿಗೂ ಕೊರೀತಿದೆ.

ಪ್ರಶ್ನೆ ಇಷ್ಟೇ. ಬೆಟ್ಟ ಹತ್ತೋಕಾಗಲ್ಲ, ನೂರು ಮೆಟ್ಟಿಲು ಇಳಿಯೋಕಾಗಲ್ಲ. ಕಾರೋ ಆಟೋನೋ ಹೋಗುವಷ್ಟು ದೂರದಲ್ಲಿ, ಹಾರ್ನು ಇಲ್ಲದೆ, ಸ್ಪೀಕರ್ ಇಲ್ಲದೆ ಎರಡು ಗಂಟೆ ಕೂರೋಕೆ ಮಡಿಕೇರಿಯಲ್ಲಿ ಜಾಗ ಉಳಿದಿದೆಯಾ? ಗೊತ್ತಿದ್ದವರು ಹೇಳಿ.

ಬೆನ್ನುಚೀಲ (ಬೆಂಗಳೂರು)

ತಡಿಯಂಡಮೋಳ್‌ಗೆ ಹೋಗಿ. 1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ವಾರದ ಮಧ್ಯೆ ಹೋದ್ರೆ ಮೇಲೆ ನೀವು ಮತ್ತು ಗಾಳಿ ಅಷ್ಟೇ.

ರೋಬಸ್ಟಾ (ಸಿದ್ದಾಪುರ)

ಮಂಡಿ ಆಪರೇಷನ್ ಆಗಿದೆ ಅಂತ ಬರೆದಿದ್ದಾರಲ್ಲಾ, ಓದಿ ಸ್ವಾಮಿ.

ಬೆನ್ನುಚೀಲ (ಬೆಂಗಳೂರು)

ಕ್ಷಮಿಸಿ, ಅವಸರದಲ್ಲಿ ಓದಿದೆ. ಹಾಗಾದ್ರೆ ಮೇಲೆ ಹತ್ತೋದು ಬೇಡ, ಬುಡದಲ್ಲಿ ಕಕ್ಕಬ್ಬೆ ಹತ್ರ ನಾಲ್ಕುನಾಡು ಅರಮನೆ ಇದೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಕಾರು ಹತ್ರದವರೆಗೂ ಹೋಗುತ್ತೆ. ಜಗಲಿಯಲ್ಲಿ ಕೂತ್ರೆ ಸುತ್ತ ಕಾಡು, ಎದುರು ಬೆಟ್ಟ. ನಾನು ಹೋದಾಗ ಕಾವಲಿನವರನ್ನ ಬಿಟ್ಟು ಯಾರೂ ಇರ್ಲಿಲ್ಲ.

ಗಿರ್ಮಿಟ್ (ಹುಬ್ಬಳ್ಳಿ)

ಅಕ್ಕಾರ, ನಾವೂ ಅದs ವಾರ ಬಂದಿದ್ವಿ ನೋಡ್ರಿ. ಅಬ್ಬಿ ಫಾಲ್ಸ್ ನೋಡಾಕ ಗಾಡಿ ನಿಲ್ಲಸಾಕ ಮುಕ್ಕಾಲು ತಾಸು. ಹುಬ್ಬಳ್ಳಿ ಸಂತಿ ಇದಕ್ಕಿಂತ ಆರಾಮ ಐತಿ. ನಿಮ್ಮ ಅಪ್ಪಾರ ಕಥಿ ಓದಿ ಮನಸ್ಸಿಗೆ ಭಾಳ ಕೆಟ್ಟ ಅನಸ್ತು.

ಸಂಪಾಜೆ ಘಾಟಿ (ಸುಳ್ಯ)

ಅಬ್ಬಿ ಅಂದ್ರೇನೇ ಜಲಪಾತ ಮಾರಾಯ್ರೆ, ಅದಕ್ಕೆ ಮತ್ತೆ ಫಾಲ್ಸ್ ಯಾಕೆ? ಮತ್ತೆ ಅದು ಕಾಫಿ ತೋಟದ ಒಳಗಿಂದ ಮೆಟ್ಟಿಲು ಇಳಿದು ಹೋಗುವ ಜಾಗ, ಅಪ್ಪನವರಿಗೆ ಖಂಡಿತ ಆಗ್ಲಿಕ್ಕಿಲ್ಲ.

ಮಾಂದಲಪಟ್ಟಿಯೂ ಬೇಡ. ಜೀಪಿನಲ್ಲಿ ಕುಲುಕಿ ಕುಲುಕಿ ಇದ್ದ ಒಂದು ಮಂಡಿಯೂ ಹೋದೀತು.

ಗಾಳಿಬೀಡಿನವ (ಮಡಿಕೇರಿ)

ಅಕ್ಕ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಇಲ್ಲಿ ಉತ್ತರ ಕೊಡುವವರಿಗೆಲ್ಲ ಒಂದು ವಿನಂತಿ, ದಯವಿಟ್ಟು ಜಾಗದ ಹೆಸರು ಬರೀಬೇಡಿ. ನಾನು ಇದನ್ನ ಸಿಟ್ಟಿನಿಂದ ಹೇಳ್ತಿಲ್ಲ, ಕಣ್ಣಾರೆ ಕಂಡದ್ದನ್ನ ಹೇಳ್ತಿದ್ದೀನಿ.

ಮಾಂದಲಪಟ್ಟಿಗೆ ನಾವು ಸಣ್ಣವರಿದ್ದಾಗ ದನ ಹುಡುಕ್ಕೊಂಡು ಹೋಗ್ತಿದ್ವಿ. ಹುಲ್ಲು, ಮಂಜು, ಗಾಳಿ. ಒಂದು ಸಿನಿಮಾದಲ್ಲಿ ಅದಕ್ಕೆ ಮುಗಿಲುಪೇಟೆ ಅಂತ ಹೆಸರಿಟ್ಟು ತೋರಿಸಿದ್ರು. ಆಮೇಲೆ ಬಂದವರಿಗೆ ಲೆಕ್ಕವೇ ಇಲ್ಲ. ಪುಷ್ಪಗಿರಿ ವನ್ಯಧಾಮಕ್ಕೆ ಅಂಟಿಕೊಂಡ ಗುಡ್ಡ ಅದು. ಈಗ ರಜಾ ದಿನ ಬೆಳಗಾಗೋ ಮುಂಚೆ ಜೀಪಿನ ಸಾಲು ಶುರು, ಮೇಲೆ ಹೋದ್ರೆ ಬ್ಲೂಟೂತ್ ಸ್ಪೀಕರ್, ತಲೆ ಮೇಲೆ ಡ್ರೋನು. ಹುಲ್ಲಿನ ಮೇಲೆ ಚಿಪ್ಸ್ ಪೊಟ್ಟಣ ನಾನೇ ಎಷ್ಟು ಚೀಲ ಹೆಕ್ಕಿದೀನೋ.

ಇಲ್ಲಿ ಒಬ್ಬರು ಒಂದು ತೋಡಿನ ಹೆಸರು ಬರೀತಾರೆ. ನೂರು ಜನ ಓದ್ತಾರೆ. ಅದರಲ್ಲಿ ಐದು ಜನ ರೀಲ್ ಮಾಡ್ತಾರೆ. ಮುಂದಿನ ಮಳೆಗಾಲಕ್ಕೆ ಆ ತೋಡಿನ ಪಕ್ಕ ಮ್ಯಾಗಿ ಅಂಗಡಿ. ಹಾಗಾಗಿ ಅಕ್ಕ, ನೀವು ಖಾಸಗಿಯಾಗಿ ಕೇಳಿ, ಹೇಳ್ತೀನಿ. ಬಹಿರಂಗವಾಗಿ ಬೇಡ.

ಫೋರ್ ವೀಲ್ (ಮಡಿಕೇರಿ)

ಜೀಪಿನವರ ಮೇಲೆ ಹೇಳೋದು ಸುಲಭ ಅಣ್ಣ. ಮಾಂದಲಪಟ್ಟಿಗೆ ಜೀಪು ಓಡಿಸೋನು ನಾನು. ಜೀಪಿನ ಕಂತು ಯಾರು ಕಟ್ತಾರೆ? ನಮಗೆ ತೋಟ ಇಲ್ಲ, ಗದ್ದೆ ಇಲ್ಲ. ನಮ್ಮಪ್ಪ ತೋಟದ ಕೆಲಸದವರ ಲೈನ್ ಮನೆಯಲ್ಲಿ ಇದ್ದವರು. ನಾನು ಲೈಸೆನ್ಸ್ ಮಾಡ್ಸಿದ್ದಕ್ಕೆ ಇವತ್ತು ನನ್ನ ಮಕ್ಕಳು ಒಳ್ಳೆ ಶಾಲೆಗೆ ಹೋಗ್ತಿದ್ದಾರೆ.

ಸದ್ದಿಲ್ಲದ ಮಡಿಕೇರಿ ಅಂತೀರಲ್ಲ, ನಾನು ಅದನ್ನ ಎರಡು ಸಲ ನೋಡಿದೀನಿ. ಒಂದು 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಮೇಲೆ. ಇನ್ನೊಂದು 2020ರ ಲಾಕ್‌ಡೌನ್‌ನಲ್ಲಿ. ತಿಮ್ಮಯ್ಯ ವೃತ್ತದಲ್ಲಿ ನಾಯಿ ಅಡ್ಡ ಮಲಗಿತ್ತು, ಎಬ್ಬಿಸೋಕೆ ಒಂದು ಗಾಡಿ ಇರ್ಲಿಲ್ಲ. ಎಲ್ಲರೂ ವಿಡಿಯೋ ಹಾಕಿ ಎಷ್ಟು ಚಂದ ಅಂದ್ರು. ನಾನು ಹೆಂಡತಿ ಬಳೆ ಅಡವಿಟ್ಟಿದ್ದೆ.

ನಿಮ್ಮ ಅಪ್ಪನವರಿಗೆ ಬೇಕಾದ ಜಾಗ ನಾನು ಬೇಕಾದ್ರೆ ಸುಮ್ನೆ ತೋರಿಸ್ತೀನಿ ಅಕ್ಕ, ಬಾಡಿಗೆ ಬೇಡ. ಆದ್ರೆ ಬರೋ ಜನಾನೇ ತಪ್ಪು ಅನ್ನಬೇಡಿ.

ಗಾಳಿಬೀಡಿನವ (ಮಡಿಕೇರಿ)

ಅಣ್ಣ, ಬರೋ ಜನ ತಪ್ಪು ಅಂತ ನಾನು ಎಲ್ಲಿ ಹೇಳಿದೆ? 2018 ನನಗೂ ಗೊತ್ತು. ಕಾಲೂರು, ಮಕ್ಕಂದೂರು, ಹೆಬ್ಬಟ್ಟಗೇರಿ ಕಡೆ ನಮ್ಮ ನೆಂಟರಿಷ್ಟರ ಗದ್ದೆ ತೋಟ ಎಲ್ಲ ಮಣ್ಣಿನಡಿ ಹೋಯ್ತು. ಅದೇ ಕಾರಣಕ್ಕೆ ಕೇಳ್ತಿರೋದು. ಗುಡ್ಡದ ಹೊಟ್ಟೆ ಕೊರೆದು ರಸ್ತೆ, ಗುಡ್ಡದ ನೆತ್ತಿ ಸಮ ಮಾಡಿ ರೆಸಾರ್ಟು. ಇದು ಎಲ್ಲಿವರೆಗೆ?

ಫೋರ್ ವೀಲ್ (ಮಡಿಕೇರಿ)

ಅದಕ್ಕೆ ನನ್ನ ವಿರೋಧ ಇಲ್ಲ. ರೆಸಾರ್ಟ್ ಕಟ್ಟೋದು ನಾವಲ್ಲ.

ಊಟಿಗೆ ಹೋಗಿಬಂದವ (ಚಾಮರಾಜನಗರ)

ಊಟಿ ಥರ ಇಲ್ಲೂ ಇ-ಪಾಸ್ ಮಾಡಬೇಕು. 2024ರ ಮೇನಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ನೀಲಗಿರಿಗೆ, ಕೊಡೈಕೆನಾಲ್‌ಗೆ ಶುರುವಾಯ್ತು. ಮಾರನೇ ವರ್ಷದ ಬೇಸಿಗೆಗೆ ಲೆಕ್ಕ ಹಾಕಿ, ನೀಲಗಿರಿಗೆ ವಾರದ ದಿನ 6,000 ಗಾಡಿ, ಶನಿವಾರ ಭಾನುವಾರ 8,000 ಅಂತ ಮಿತಿ ಹಾಕಿದ್ರು. ನಮ್ಮ ಮುಳ್ಳಯ್ಯನಗಿರಿಗೂ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡೋ ಪದ್ಧತಿ ಬಂದಿದೆ. ಮಡಿಕೇರಿಗೆ ಯಾಕಾಗಲ್ಲ?

ಸಂಪಾಜೆ ಘಾಟಿ (ಸುಳ್ಯ)

ಆಗ್ಲಿಕ್ಕಿಲ್ಲ, ಹೇಳ್ತೇನೆ ಕೇಳಿ. ಮುಳ್ಳಯ್ಯನಗಿರಿ ರಸ್ತೆ ಗಿರಿಗೆ ಹೋಗಿ ಅಲ್ಲೇ ನಿಲ್ತದೆ. ಮಡಿಕೇರಿ ಹಾಗಲ್ಲ. ಮೈಸೂರಿಂದ ಬಂಟ್ವಾಳಕ್ಕೆ ಹೋಗುವ 275ನೇ ನಂಬ್ರದ ಹೆದ್ದಾರಿ ಊರೊಳಗಿಂದಲೇ ಹೋಗ್ತದೆ. ಸುಳ್ಯ, ಪುತ್ತೂರಿನ ನಾವು ಮೈಸೂರಿಗೆ ಹೋಗ್ಬೇಕಾದ್ರೆ ಅದೇ ದಾರಿ. ಕೊಡಗಿನವರು ದೊಡ್ಡ ಆಸ್ಪತ್ರೆಗೆ ಅಂತ ಮಂಗಳೂರಿಗೆ ಇಳಿಯುವುದೂ ಅದೇ ದಾರಿ. ಕೊಡಗಿಗೆ ರೈಲೇ ಇಲ್ಲ, ಬರುವವರೆಲ್ಲ ಗಾಡಿಯಲ್ಲೇ ಬರ್ಬೇಕು. ಚೆಕ್‌ಪೋಸ್ಟಿನಲ್ಲಿ ಯಾರು ಪ್ರವಾಸಿ, ಯಾರು ರೋಗಿ, ಯಾರು ನೆಂಟರ ಮದುವೆಗೆ ಹೊರಟವ ಅಂತ ಹೇಗೆ ಗೊತ್ತು ಮಾಡುವುದು?

ಬೇಕಾದ್ರೆ ಮಾಂದಲಪಟ್ಟಿಗೆ ಮಾತ್ರ ಮಿತಿ ಮಾಡಲಿ. ಕುಮಾರಪರ್ವತ ಚಾರಣಕ್ಕೆ ಮಾಡಿದ್ದಾರಲ್ಲ, ಆ ಥರ.

ಊಟಿಗೆ ಹೋಗಿಬಂದವ (ಚಾಮರಾಜನಗರ)

ಊಟಿ ಮೇಲೂ ಹೆದ್ದಾರಿ ಹೋಗುತ್ತೆ ಸರ್. ಸ್ಥಳೀಯರ ಗಾಡಿಗೆ ವಿನಾಯಿತಿ ಇದೆ. ಮನಸ್ಸಿದ್ರೆ ಆಗುತ್ತೆ.

ಟೀಚರಮ್ಮ (ಮಡಿಕೇರಿ)

ನೀವೆಲ್ಲ ಇ-ಪಾಸ್ ವಿಷಯ ಆಮೇಲೆ ಜಗಳ ಆಡಿ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡೋಣ.

ನಾನು ಮೂವತ್ತೊಂದು ವರ್ಷ ಮಡಿಕೇರಿಯಲ್ಲಿ ಪಾಠ ಹೇಳಿದವಳು, ಈಗ ನಿವೃತ್ತಿ. ಮಹದೇವಪೇಟೆ ಅಂದ್ಯಲ್ಲಮ್ಮ, ಹಾಗಾದ್ರೆ ನಿಮ್ಮ ತಂದೆಗೆ ಗದ್ದುಗೆ ಗೊತ್ತಿರಲೇಬೇಕು. ಪೇಟೆಯಿಂದ ಸ್ವಲ್ಪವೇ ದೂರ, ಆಟೋ ಬಾಗಿಲವರೆಗೆ ಹೋಗುತ್ತೆ. ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮಾಜಿ, ಲಿಂಗರಾಜೇಂದ್ರ ಇವರ ಸಮಾಧಿಗಳು. ಗುಮ್ಮಟ, ಮೂಲೆ ಮೂಲೆಗೆ ಮಿನಾರು, ನೋಡಿದ್ರೆ ಮಸೀದಿ ಅಂದುಕೋಬೇಕು, ಒಳಗೆ ಲಿಂಗಾಯತ ರಾಜರು ಮಲಗಿದ್ದಾರೆ. ಸುತ್ತ ಹುಲ್ಲು, ಮರ, ಊರಿಗಿಂತ ಎತ್ತರದ ಜಾಗ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ರಾಜಾಸೀಟು, ಅಬ್ಬಿ, ಕೋಟೆ ನೋಡಿ ದುಬಾರೆಗೆ ಹೊರಟುಬಿಡ್ತಾರೆ. ಗದ್ದುಗೆಯಲ್ಲಿ ಅರ್ಧ ಗಂಟೆ ಕೂತವರನ್ನ ನಾನು ಕಂಡದ್ದು ಕಡಿಮೆ. ಪರೀಕ್ಷೆ ಪೇಪರ್ ತಿದ್ದೋಕೆ ನಾನು ಅಲ್ಲಿಗೇ ಹೋಗ್ತಿದ್ದೆ.

ಗಾಳಿಬೀಡಿನ ತಮ್ಮ, ಇದರ ಹೆಸರು ಹೇಳಿದ್ದಕ್ಕೆ ಬೇಜಾರು ಮಾಡ್ಬೇಡ. ಇದು ಊರಿನ ಸ್ಮಾರಕ, ಗುಟ್ಟಿನ ಜಾಗ ಅಲ್ಲ.

ಗಾಳಿಬೀಡಿನವ (ಮಡಿಕೇರಿ)

ಗದ್ದುಗೆಗೆ ಅಡ್ಡಿ ಇಲ್ಲ ಟೀಚರ್. ನಾನು ಹೇಳಿದ್ದು ತೋಡು, ಬಾಣೆ (ಗದ್ದೆಗೆ ಸೇರಿದ ಮರಗಾಡು), ದೇವರಕಾಡುಗಳ ವಿಷಯ.

ಬೆನ್ನುಚೀಲ (ಬೆಂಗಳೂರು)

ದೇವರಕಾಡು ಒಳ್ಳೆ ಐಡಿಯಾ ಅಲ್ವಾ? ಕೊಡಗಲ್ಲಿ 1,200ಕ್ಕೂ ಹೆಚ್ಚಿದೆ ಅಂತ ಓದಿದೀನಿ. ಊರಿಗೊಂದು ಇರುತ್ತೆ. ಅಲ್ಲಿ ಹೋಗಿ ಕೂರಬಹುದು.

ಗಾಳಿಬೀಡಿನವ (ಮಡಿಕೇರಿ)

ಕೂರಬಾರದು. ದೇವರಕಾಡು ಪಾರ್ಕ್ ಅಲ್ಲ. ಕೆಲವದಕ್ಕೆ ಹಬ್ಬದ ದಿನ ಬಿಟ್ರೆ ಊರಿನವರೇ ಒಳಗೆ ಕಾಲಿಡಲ್ಲ. ಅಯ್ಯಪ್ಪನ ಕಾಡಾದ್ರೆ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳಿರುತ್ತವೆ, ಭಗವತಿ ಕಾಡಾದ್ರೆ ಬೇರೆ ಕಟ್ಟು. ಒಣಗಿ ಬಿದ್ದ ಕೊಂಬೆಯನ್ನೂ ಸೌದೆಗೆ ತರಲ್ಲ ನಾವು. ಹಾಗೆ ಬಿಟ್ಟಿದ್ದಕ್ಕೇ ಇವತ್ತು ಅಲ್ಲಿ ಹಳೇ ಮರಗಳಿವೆ. ಊರಿನ ಮುಖ್ಯಸ್ಥರಾದ ತಕ್ಕರನ್ನ ಕೇಳದೆ, ಚಪ್ಪಲಿ ಹಾಕ್ಕೊಂಡು ಯಾರೂ ಹೋಗ್ಬೇಡಿ. ಹೊರಗೆ ರಸ್ತೆಯಲ್ಲಿ ನಿಂತು ಕೇಳಿದ್ರೂ ಹಕ್ಕಿ ಕೇಳುತ್ತೆ.

ಬೆನ್ನುಚೀಲ (ಬೆಂಗಳೂರು)

ಇದು ಗೊತ್ತಿರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು, ಮಾತು ವಾಪಸ್ ತಗೊಂಡೆ.

ರೋಬಸ್ಟಾ (ಸಿದ್ದಾಪುರ)

ಇನ್ನೊಂದು ಎಚ್ಚರಿಕೆ ನಾನು ಹೇಳಬೇಕು. ಯಾರಾದ್ರೂ "ಬೆಳಿಗ್ಗೆ ಐದೂವರೆಗೆ ಎದ್ದು ತೋಟದ ರಸ್ತೆಯಲ್ಲಿ ವಾಕ್ ಹೋಗಿ" ಅಂತ ಸಲಹೆ ಕೊಡೋ ಮುಂಚೆ ನಿಲ್ಲಿಸಿ. ಸಿದ್ದಾಪುರ, ಪಾಲಿಬೆಟ್ಟ, ಚೆಟ್ಟಳ್ಳಿ ಕಡೆ ಆನೆ ತೋಟದಲ್ಲೇ ಇರುತ್ತೆ. ರಾತ್ರಿ ಹಲಸಿನ ಮರದಡಿ ಇದ್ದು ಬೆಳಕು ಹರಿಯೋ ಹೊತ್ತಿಗೆ ರಸ್ತೆ ದಾಟುತ್ತೆ. ಮಂಜಲ್ಲಿ ಹತ್ತು ಅಡಿ ಮುಂದೆ ಆನೆ ನಿಂತಿದ್ರೂ ಗೊತ್ತಾಗಲ್ಲ. ನಮ್ಮ ಕೆಲಸದವರು ಲೈನ್ ಮನೆಯಿಂದ ಹೊರಡೋಕೂ ಆನೆ ಎಲ್ಲಿದೆ ಅಂತ ವಾಟ್ಸಾಪ್ ಗುಂಪಲ್ಲಿ ನೋಡೇ ಹೊರಡೋದು. ಹೊರಗಿನಿಂದ ಬಂದವರು ಗೇಟು ತೆರೆದಿದೆ ಅಂತ ಫೋಟೋಗೆ ಒಳಗೆ ಬಂದುಬಿಡ್ತಾರೆ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?

ಮತ್ತೆ ತೋಟ ಅಂದ್ರೆ ಸದ್ದೇ ಇಲ್ಲ ಅನ್ನೋದೂ ಸರಿಯಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಕುಯ್ಯೋ ಕಾಲ, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ ಓಡ್ತಾ ಇರುತ್ತೆ. ಮಳೆ ಬಿಟ್ಟ ಮೇಲೆ ಕಳೆ ಕತ್ತರಿಸೋ ಮೆಷಿನ್. ಏಪ್ರಿಲ್ ಬಂತು ಅಂದ್ರೆ ಜೀರುಂಡೆ, ಮಾತಾಡಿದ್ದು ಪಕ್ಕದವರಿಗೆ ಕೇಳಲ್ಲ.

ಗಿರ್ಮಿಟ್ (ಹುಬ್ಬಳ್ಳಿ)

ಜೀರುಂಡಿ ಸಪ್ಪಳ ಬ್ಯಾರೆ, ಹಾರ್ನ್ ಸಪ್ಪಳ ಬ್ಯಾರೆ ಬಿಡ್ರಿ. ಜೀರುಂಡಿ ಎಷ್ಟ್ ಒದರಿದ್ರೂ ನಿದ್ದಿ ಹತ್ತತೈತಿ.

ಹಕ್ಕಿನೋಟ (ಸಕಲೇಶಪುರ)

ತಡವಾಗಿ ನೋಡಿದೆ. ಎಲ್ಲರೂ ಜಾಗದ ಬಗ್ಗೆ ಹೇಳ್ತಿದ್ದೀರಿ, ಹಕ್ಕಿ ವಿಷಯ ಯಾರೂ ಹಿಡಿದಿಲ್ಲ. ಮಳೆಬಿಲ್ಲು ಅವರೇ, ನಿಮ್ಮಪ್ಪ ಹೇಳೋ ಹಕ್ಕಿ ನೂರಕ್ಕೆ ನೂರು ಸಿಳ್ಳಾರ. ಇಂಗ್ಲಿಷಲ್ಲಿ ಮಲಬಾರ್ ವಿಸ್ಲಿಂಗ್ ಥ್ರಶ್, ಅಡ್ಡಹೆಸರು ವಿಸ್ಲಿಂಗ್ ಸ್ಕೂಲ್‌ಬಾಯ್. "ಹುಡುಗ ಹಾಡು ಮರೆತು ಮರೆತು" ಅಂದ್ರಲ್ಲ, ಅದಕ್ಕಿಂತ ಚೆನ್ನಾಗಿ ವರ್ಣಿಸೋಕಾಗಲ್ಲ. ದೂರಕ್ಕೆ ಕಪ್ಪು ಕಾಣುತ್ತೆ. ಬಿಸಿಲು ಬಿದ್ರೆ ಹಣೆ ಮತ್ತು ಹೆಗಲ ಮೇಲೆ ನೀಲಿ ಮಿಂಚುತ್ತೆ. ನೀರಿರೋ ಕಡೆ, ನೆರಳಿರೋ ಕಡೆ ಇರುತ್ತೆ. ಕಲ್ಲಿನ ಸಂದಿಯಲ್ಲಿ ಗೂಡು, ಒಮ್ಮೊಮ್ಮೆ ಮನೆಗಳ ಸೂರಿನಡಿಯಲ್ಲೂ ಕಟ್ಟುತ್ತೆ.

ನೀವು ಹೋದದ್ದು ಡಿಸೆಂಬರ್‌ನಲ್ಲಿ. ರಾಜಾಸೀಟಲ್ಲಿ ಒಬ್ಬರೂ ಇಲ್ದೇ ಇದ್ರೂ ನಿಮ್ಮಪ್ಪನಿಗೆ ಆ ಹಾಡು ಕೇಳ್ತಿರಲಿಲ್ಲ. ಚಳಿಗಾಲದಲ್ಲಿ ಸಿಳ್ಳಾರ ಹಾಡೋದಿಲ್ಲ ಅಂತಲೇ ಹೇಳಬಹುದು, ಕೀಚ್ ಅಂತ ಒಂದು ಚೂಪು ಕೂಗು ಬಿಟ್ರೆ ಇಲ್ಲ. ಅದು ಮನಸ್ಸು ಬಿಚ್ಚಿ ಹಾಡೋದು ಗೂಡು ಕಟ್ಟೋ ಕಾಲದಲ್ಲಿ, ಬೇಸಿಗೆ ಕೊನೆಯಿಂದ ಮಳೆಗಾಲದ ತನಕ, ಅದೂ ಬೆಳಕು ಹರಿಯೋ ಮುಂಚೆ. ಎಲ್ಲ ಹಕ್ಕಿಗಿಂತ ಮೊದಲು.

ಹಾಗಾಗಿ ಎಲ್ಲಿ ಅಂತ ಹುಡುಕೋ ಮುಂಚೆ ಯಾವಾಗ ಅಂತ ನಿಶ್ಚಯ ಮಾಡ್ಕೊಳ್ಳಿ. ನನ್ನ ಪ್ರಕಾರ ಜೂನ್ ಎರಡನೇ ಮೂರನೇ ವಾರ. ಶಾಲೆ ಶುರುವಾಗಿರುತ್ತೆ, ಸಂಸಾರ ಸಮೇತ ಬರೋರು ನಿಂತಿರ್ತಾರೆ. ಸೋಮವಾರದಿಂದ ಗುರುವಾರ. ಮಳೆಗೆ ಹೆದರಿ ಬೆಂಗಳೂರಿನವರೂ ಬರಲ್ಲ.

ಟೀಚರಮ್ಮ (ಮಡಿಕೇರಿ)

ಇದು ನನಗೆ ಹೊಳೀಲೇ ಇಲ್ಲ ನೋಡಿ! ಇಷ್ಟು ವರ್ಷ ಕೇಳಿದೀನಿ, ಯಾವ ತಿಂಗಳು ಅಂತ ಗಮನ ಕೊಟ್ಟಿರಲಿಲ್ಲ. ಹೌದು, ಶಾಲೆ ಶುರುವಾದ ಹೊಸತರಲ್ಲೇ, ಮಕ್ಕಳು ಕೊಡೆ ಹಿಡ್ಕೊಂಡು ಬರೋ ಕಾಲದಲ್ಲೇ.

ಗಾಳಿಬೀಡಿನವ (ಮಡಿಕೇರಿ)

ಜೂನ್ ಒಪ್ಪಿದೆ, ಆದ್ರೆ ಜುಲೈ ಕೊನೆ ಮತ್ತು ಆಗಸ್ಟ್ ಬೇಡ. 2018, 2019, 2020 ಮೂರೂ ವರ್ಷ ನಮಗೆ ಕೆಟ್ಟದ್ದಾದದ್ದು ಆಗಸ್ಟ್‌ನಲ್ಲೇ. 2020ರಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಹೋಯ್ತು. ಹೊರಡೋ ಮುಂಚೆ ಹವಾಮಾನ ಇಲಾಖೆ ಏನು ಹೇಳಿದೆ ನೋಡಿ. ರೆಡ್ ಅಲರ್ಟ್ ಇದ್ರೆ ಮನೆಯಲ್ಲೇ ಇರಿ, ಹಕ್ಕಿ ಮುಂದಿನ ವರ್ಷವೂ ಹಾಡುತ್ತೆ.

ಬೆನ್ನುಚೀಲ (ಬೆಂಗಳೂರು)

ಬ್ರಹ್ಮಗಿರಿ ಇರೋದು ಇರ್ಪು ಹತ್ರ ಅಲ್ವಾ? ಕೇರಳ ಗಡಿಯಲ್ಲಿ? ನಾನು ಚಾರಣ ಮಾಡಿದೀನಿ.

ಟೀಚರಮ್ಮ (ಮಡಿಕೇರಿ)

ಎರಡೂ ಬ್ರಹ್ಮಗಿರಿಯೇ ಅಪ್ಪ. ನೀನು ಹತ್ತಿದ್ದು ದಕ್ಷಿಣ ಕೊಡಗಿನದು, ಲಕ್ಷ್ಮಣತೀರ್ಥ ಹುಟ್ಟೋ ಕಡೆ. ಇವನು ಹೇಳಿದ್ದು ಕಾವೇರಿ ಹುಟ್ಟೋ ಬೆಟ್ಟ. ಹೊರಗಿನವರು ಬಹಳ ಜನ ತಪ್ಪು ಬಸ್ ಹತ್ತಿದ್ದಾರೆ ಇದರಿಂದ.

ಸಂಪಾಜೆ ಘಾಟಿ (ಸುಳ್ಯ)

ಜೂನ್‌ನಲ್ಲಿ ಜಿಗಣೆ ಇಲ್ವಾ? ಅಪ್ಪನವರಿಗೆ ಸಕ್ಕರೆ ಕಾಯಿಲೆ ಇದ್ರೆ ಸ್ವಲ್ಪ ಜಾಗ್ರತೆ, ಕಚ್ಚಿದ ಗಾಯ ಬೇಗ ಒಣಗ್ಲಿಕ್ಕಿಲ್ಲ. ಹುಲ್ಲಿಗೆ ಇಳಿಯದೆ ಜಗಲಿಯಲ್ಲೇ ಕೂತ್ರೆ ಏನೂ ಇಲ್ಲ. ಇಳಿಯುವುದಾದ್ರೆ ಹೊಗೆಸೊಪ್ಪಿನ ನೀರು, ಉಪ್ಪು.

ಮಳೆಬಿಲ್ಲು (ಮೈಸೂರು)

ಸಕ್ಕರೆ ಇಲ್ಲ, ಬಿಪಿ ಇದೆ. ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಗದ್ದುಗೆ ಹೆಸರು ಕೇಳಿದ್ದೇ ಎದ್ದು ಕೂತ್ರು. ನನ್ನನ್ನ ಎತ್ತಿಕೊಂಡು ಸಂಜೆ ಅಲ್ಲಿಗೇ ಹೋಗ್ತಿದ್ದದ್ದಂತೆ! ಅದನ್ನ ಇದುವರೆಗೆ ಹೇಳೇ ಇರ್ಲಿಲ್ಲ.

ಹಕ್ಕಿನೋಟ ಅವರೇ, ಡಿಸೆಂಬರ್‌ನಲ್ಲಿ ಹಾಡಲ್ಲ ಅಂದಿದ್ದಕ್ಕೆ ಅಪ್ಪ "ಹೌದಲ್ಲ, ಆವಾಗೆಲ್ಲ ಮಳೆ ಬರ್ತಿತ್ತು" ಅಂದ್ರು. ಒಂದೇ ಪ್ರಶ್ನೆ, ಎಲ್ಲಿ ಉಳ್ಕೊಳ್ಳೋದು? ಪಟ್ಟಣದಲ್ಲೇ ಕೇಳುತ್ತಾ?

ಹಕ್ಕಿನೋಟ (ಸಕಲೇಶಪುರ)

ಪಟ್ಟಣದ ನಡುವೆ ಕಷ್ಟ. ಐದಾರು ಕಿಲೋಮೀಟರ್ ಹೊರಗೆ, ಹರಿಯೋ ನೀರು ಹತ್ರ ಇರೋ ಮನೆ ನೋಡಿ. ಫೋನ್ ಮಾಡಿದಾಗ ಈಜುಕೊಳ, ಕ್ಯಾಂಪ್‌ಫೈರ್ ಇದೆಯಾ ಅಂತ ಕೇಳಿ. ಇದೆ ಅಂದ್ರೆ ಬೇಡ ಅನ್ನಿ. ಎರಡು ಕೋಣೆ ಮಾತ್ರ ಕೊಡೋ, ಮನೆಯವರೂ ಅಲ್ಲೇ ಇರೋ ಕಡೆ ಹೋಗಿ.

ರೋಬಸ್ಟಾ (ಸಿದ್ದಾಪುರ)

ಇದು ಸರಿಯಾದ ಮಾತು. ಮನೆಯವರು ಬೆಂಗಳೂರಲ್ಲಿದ್ದು ಮ್ಯಾನೇಜರ್ ನಡೆಸೋ ಕಡೆ ರಾತ್ರಿ ಹನ್ನೆರಡಾದ್ರೂ ಡಿಜೆ. ನಮ್ಮ ಪಕ್ಕದ ತೋಟದಲ್ಲಿ ಅಂಥದ್ದೊಂದಿದೆ, ನಮ್ಮಮ್ಮ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಾರೆ. ಅಜ್ಜಿ ಇರೋ ಮನೆ ಹುಡುಕಿ. ಅಜ್ಜಿ ಇದ್ದ ಮನೆಯಲ್ಲಿ ಯಾರೂ ಸ್ಪೀಕರ್ ಹಾಕಲ್ಲ, ಊಟಾನೂ ಚೆನ್ನಾಗಿರುತ್ತೆ. ಜೂನಲ್ಲಾದ್ರೆ ಬಿಸಿ ಕಡುಬು, ಕಣಿಲೆ ಸಾರು ಸಿಕ್ಕರೂ ಸಿಗಬಹುದು.

ಗಿರ್ಮಿಟ್ (ಹುಬ್ಬಳ್ಳಿ)

ಕಣಿಲೆ ಅಂದ್ರ ಏನ್ರಿ?

ರೋಬಸ್ಟಾ (ಸಿದ್ದಾಪುರ)

ಎಳೆ ಬಿದಿರು. ಮೊದಲ ಮಳೆಗೆ ಮೊಳಕೆ ಬರುತ್ತೆ. ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಾಯಿಸಿ, ಆಮೇಲೆ ಸಾರು. ನೆನೆಸದೆ ತಿನ್ನಬಾರದು.

ಫೋರ್ ವೀಲ್ (ಮಡಿಕೇರಿ)

ಅಕ್ಕ, ನನಗೆ ಗೊತ್ತಿರೋ ಒಂದು ಮನೆ ಇದೆ, ನೀವು ಹೇಳಿದ ಥರದ್ದೇ. ಹಿಂದೆ ತೋಡು. ಇಲ್ಲಿ ಬರೆಯಲ್ಲ, ಗಾಳಿಬೀಡಿನ ಅಣ್ಣ ಬೈತಾರೆ. ನಂಬರ್ ಖಾಸಗಿಯಾಗಿ ಕಳ್ಸಿದೀನಿ.

ಗಾಳಿಬೀಡಿನವ (ಮಡಿಕೇರಿ)

ಬೈಯಲ್ಲ ಅಣ್ಣ. ಯಾವ ಮನೆ ಅಂತ ಗೊತ್ತಾಯ್ತು. ಒಳ್ಳೇ ಜನ. ಕೂಟುಹೊಳೆ ಕಡೆಯಿಂದ ಹೋಗ್ಬೇಡಿ, ಜೂನಲ್ಲಿ ಆ ರಸ್ತೆ ಕೆಸರು, ಇನ್ನೊಂದು ದಾರಿಯಲ್ಲಿ ಕರ್ಕೊಂಡು ಹೋಗಿ.

*(ಐದು ತಿಂಗಳ ನಂತರ)*

ಮಳೆಬಿಲ್ಲು (ಮೈಸೂರು)

ಈ ಚರ್ಚೆ ಎಲ್ಲರಿಗೂ ಮರೆತಿರಬಹುದು. ಹೋಗಿ ಬಂದ್ವಿ, ಹೇಳದೆ ಇರೋಕಾಗ್ಲಿಲ್ಲ.

ಸೋಮವಾರ ಹೊರಟು ಗುರುವಾರ ಬಂದ್ವಿ. ಫೋರ್ ವೀಲ್ ಅಣ್ಣ ಹೇಳಿದ ಮನೆ. ಅವರೇ ಬಂದು ಪಟ್ಟಣದಿಂದ ಕರ್ಕೊಂಡು ಹೋದ್ರು, ಡೀಸೆಲ್ ದುಡ್ಡನ್ನೂ ಒತ್ತಾಯ ಮಾಡಿ ಕೊಡಬೇಕಾಯ್ತು.

ಮೊದಲು ಮಹದೇವಪೇಟೆಗೆ ಹೋದ್ವಿ. ಅಪ್ಪ ಇದ್ದ ಮನೆ ಇಲ್ಲ. ಅಲ್ಲಿ ಮೂರಂತಸ್ತಿನ ಲಾಡ್ಜ್ ಇದೆ, ಹಿತ್ತಲಿದ್ದ ಕಡೆ ಪಾರ್ಕಿಂಗ್. ತೋಡಿನ ಮೇಲೆ ಸಿಮೆಂಟ್ ಹಲಗೆ ಮುಚ್ಚಿದ್ದಾರೆ, ಕೆಳಗೆ ನೀರು ಹರಿಯೋ ಸದ್ದು ಮಾತ್ರ ಬರುತ್ತೆ. ಅಪ್ಪ ಕೋಲೂರಿಕೊಂಡು ಅದರ ಮೇಲೆ ನಿಂತು ಸ್ವಲ್ಪ ಹೊತ್ತು ಕೇಳಿಸ್ಕೊಂಡ್ರು. ನಾನು ಏನೂ ಕೇಳ್ಲಿಲ್ಲ.

ಗದ್ದುಗೆಯಲ್ಲಿ ಎರಡೂಕಾಲು ಗಂಟೆ ಕೂತ್ವಿ. ಟೀಚರಮ್ಮ, ನಿಮ್ಮ ಮಾತು ನಿಜ. ಫೋಟೋ ತೆಗೆಸ್ಕೊಳ್ಳೋಕೆ ಒಂದು ಜೋಡಿ ಬಂದು ಹೋಯ್ತು. ಶಾಲೆ ಬಿಟ್ಟ ಮೇಲೆ ನಾಲ್ಕು ಹುಡುಗರು ಬಂದ್ರು. ಅಷ್ಟೇ. ಮಂಜು ಬಂದು ಗುಮ್ಮಟ ಮುಚ್ಚೋದು, ಆಮೇಲೆ ಬಿಡೋದು. ಅಪ್ಪ ತಮ್ಮ ಪೋಸ್ಟ್‌ಮ್ಯಾನ್ ಗೆಳೆಯರ ಕಥೆ ಎಲ್ಲ ಹೇಳಿದ್ರು. ಮಳೆಗಾಲದಲ್ಲಿ ಟೆಲಿಗ್ರಾಂ ತಲುಪಿಸೋಕೆ ಹೋದವನು ಹೊಳೆ ದಾಟೋಕಾಗದೆ ಎರಡು ದಿನ ಯಾರದೋ ಮನೆಯಲ್ಲಿ ಉಳಿದು, ಅವರ ಗದ್ದೆ ನಾಟಿ ಮಾಡಿ ಬಂದದ್ದು.

ಸಿಳ್ಳಾರ ವಿಷಯಕ್ಕೆ ಬರ್ತೀನಿ. ಮಂಗಳವಾರ ಬೆಳಿಗ್ಗೆ ಇಬ್ಬರೂ ಐದಕ್ಕೇ ಎದ್ದು ಜಗಲಿಯಲ್ಲಿ ಕೂತ್ವಿ. ಮಳೆ ಎಂಥದ್ದು ಅಂದ್ರೆ ಹಂಚಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಬುಧವಾರ ನಾನು ಏಳಲೇ ಇಲ್ಲ, ಸುಸ್ತಾಗಿತ್ತು. ಆರೂವರೆಗೆ ಹೊರಗೆ ಬಂದ್ರೆ ಅಪ್ಪ ಕಂಬಳಿ ಹೊದ್ದು ಕೂತಿದ್ರು, ಆ ಮನೆ ಅಜ್ಜಿ ಕೊಟ್ಟ ಬೆಲ್ಲದ ಕಾಫಿ ಕೈಯಲ್ಲಿ. "ಕೂಗಿತು" ಅಂದ್ರು. ಮಳೆ ಅರ್ಧ ಗಂಟೆ ಬಿಟ್ಟಿತ್ತಂತೆ. ಯಾಕೆ ನನ್ನ ಎಬ್ಬಿಸ್ಲಿಲ್ಲ ಅಂತ ಜಗಳ ಆಡಿದೆ. "ಎದ್ದು ಬಾಗಿಲು ತೆಗೆದ್ರೆ ಹಾರಿ ಹೋಗುತ್ತೇನೋ ಅಂತ ಕೂತೇಬಿಟ್ಟೆ" ಅಂದ್ರು.

ಗುರುವಾರ ನನಗೂ ಕೇಳಿಸ್ತು. ಕತ್ತಲೆ ಇನ್ನೂ ಇತ್ತು. ಕೆಳಗಿನ ತೋಡಿಂದ, ನಿಧಾನಕ್ಕೆ, ಒಂದು ಸ್ವರ ಹಿಡಿದು ಬಿಟ್ಟು ಇನ್ನೊಂದಕ್ಕೆ ಹೋಗಿ. ನನಗೆ ಮೂರು ವರ್ಷದಲ್ಲಿ ಬಿಟ್ಟು ಹೋದ ಊರು ನೆನಪಿದೆ ಅಂತ ಸುಳ್ಳು ಹೇಳಲ್ಲ. ಆದ್ರೆ ಕೇಳ್ತಿದ್ದ ಹಾಗೆ ಮೈ ಜುಮ್ ಅಂತು. ಫೋನಲ್ಲಿ ರೆಕಾರ್ಡ್ ಮಾಡಿದೆ, ಬರೀ ನೀರಿನ ಸದ್ದೇ ಬಂದಿದೆ.

ಫೋರ್ ವೀಲ್ (ಮಡಿಕೇರಿ)

ಅಪ್ಪಾಜಿ ಚೆನ್ನಾಗಿದ್ದಾರಲ್ಲ ಅಕ್ಕ? ಹೋಗುವಾಗ ಕೋಲು ನನ್ನ ಜೀಪಲ್ಲೇ ಬಿಟ್ಟಿದ್ರು. ಮೈಸೂರಿಗೆ ಬರೋರ ಕೈಲಿ ಕಳಿಸ್ತೀನಿ.

ಗಾಳಿಬೀಡಿನವ (ಮಡಿಕೇರಿ)

ಓದಿ ಬಹಳ ಖುಷಿಯಾಯ್ತು ಅಕ್ಕ. ಮನೆ ಹೆಸರು ಹಾಕದೆ ಇದ್ದದ್ದಕ್ಕೆ ಕೈಮುಗಿದೆ. ಆ ಲಾಡ್ಜ್ ಇರೋ ಸಾಲಲ್ಲಿ ಇನ್ನೂ ಎರಡು ಕಡೆ ತೋಡು ಮುಚ್ಚಿದ್ದಾರೆ, ಮಳೆ ಜೋರಾದ್ರೆ ನೀರು ರಸ್ತೆಗೇ ಬರುತ್ತೆ. ಟೀಚರ್ ಜೊತೆ ಸೇರಿ ನಗರಸಭೆಗೆ ಅರ್ಜಿ ಬರೆದಿದ್ದೀವಿ.

ಟೀಚರಮ್ಮ (ಮಡಿಕೇರಿ)

ಅರ್ಜಿಗೆ ಜೀಪಿನವನ ಸಹಿಯೂ ಇದೆ, ಅದನ್ನೂ ಹೇಳು.

ಮಳೆಬಿಲ್ಲು (ಮೈಸೂರು)

ಅಪ್ಪ ಚೆನ್ನಾಗಿದ್ದಾರೆ ಅಣ್ಣ. ಕೋಲು ಅಲ್ಲೇ ಇರಲಿ, ಮತ್ತೆ ಬರ್ತೀನಿ ಅಂತಿದ್ದಾರೆ. ಕಾಫಿ ಹೂವಿನ ವಾಸನೆ ಬೇಕಂತೆ ಈಗ. ಅದು ಯಾವಾಗ ಸರಿಯಾಗಿ?

ರೋಬಸ್ಟಾ (ಸಿದ್ದಾಪುರ)

ತಾರೀಖು ಹೇಳೋಕಾಗಲ್ಲ ಮಳೆಬಿಲ್ಲು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಯಾವತ್ತೋ ಹೂಮಳೆ ಬೀಳುತ್ತೆ. ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಎಲ್ಲ ಬೆಳ್ಳಗೆ, ಮೂರ್ನಾಲ್ಕು ದಿನ ಇದ್ದು ಕಂದು ಬಣ್ಣಕ್ಕೆ ತಿರುಗುತ್ತೆ. ಮಳೆ ಬಿದ್ದ ದಿನ ನಾನೇ ಮೆಸೇಜ್ ಹಾಕ್ತೀನಿ, ಬ್ಯಾಗು ರೆಡಿ ಇಟ್ಕೊಂಡಿರಿ.